ಹಾಳೆಯ ಹಿಂಬದಿ

ನನಗೆ ಕೋಪ ಮೂಗಿನ ತುದಿಯಲ್ಲೇ ಇರುತ್ತದೆ ಎಂದು ನಮ್ಮ ಯಜಮಾನರು ಮನೆಗೆ ಬಂದವರಿಗೆಲ್ಲ ಹೇಳುತ್ತಾರೆ. ಸುಳ್ಳೇನಲ್ಲ. ಆದರೆ ಅದಕ್ಕಿಂತ ಕೆಟ್ಟ ಚಾಳಿಯೊಂದು ನನಗಿತ್ತು, ಅದು ಅವರ ಕಣ್ಣಿಗೂ ಬಿದ್ದಿರಲಿಲ್ಲ. ಕೆಲಸ ಕೇಳಿ ಬಂದ ಪತ್ರಗಳಿಗೆ ನಾನು ಉತ್ತರ ಬರೆಯುತ್ತಿರಲಿಲ್ಲ.

ಮಾದಾಪುರದ ಹತ್ತಿರ ನನ್ನದೊಂದು ನರ್ಸರಿ ಇದೆ. ಕಾಫಿ ಸಸಿ, ಕರಿಮೆಣಸಿನ ಬಳ್ಳಿ, ಒಂದಿಷ್ಟು ಹಣ್ಣಿನ ಗಿಡ. ಏಳೆಂಟು ಹೆಂಗಸರು ಕೆಲಸಕ್ಕೆ ಬರುತ್ತಾರೆ. ಇಷ್ಟು ಸಣ್ಣ ಜಾಗಕ್ಕೂ ಪತ್ರ ಬರುತ್ತವೆಯೇ ಎಂದು ನಗಬೇಡಿ, ಬರುತ್ತವೆ. ಪೊನ್ನಂಪೇಟೆಯ ಅರಣ್ಯ ಕಾಲೇಜಿನಲ್ಲಿ ಓದು ಮುಗಿಸಿದ ಹುಡುಗಿಯರು ಫೋನಿಗೆ ಬಯೋಡೇಟಾ ಕಳಿಸುತ್ತಾರೆ. ಡ್ರೈವರ್ ಬೇಕಾ ಎಂದು ಯಾರೋ ಮೆಸೇಜು ಹಾಕುತ್ತಾರೆ. ಅಪರೂಪಕ್ಕೊಮ್ಮೆ ಅಂಚೆಯಲ್ಲೂ ಒಂದು ಕಾಗದ ಬರುತ್ತದೆ. ಫೋನಿಗೆ ಬಂದದ್ದನ್ನು ನೋಡಿ ಸುಮ್ಮನಾಗುತ್ತಿದ್ದೆ, ಅಂಚೆಯಲ್ಲಿ ಬಂದದ್ದನ್ನು ಗೋಡೆಯ ಕ್ಯಾಲೆಂಡರಿನ ಹಿಂದೆ ಸಿಕ್ಕಿಸುತ್ತಿದ್ದೆ. ಕೆಲಸ ಇಲ್ಲ ಎನ್ನುವುದನ್ನೂ ಬರೆದು ತಿಳಿಸಬೇಕೇ, ಉತ್ತರ ಬರದಿದ್ದರೆ ಅವರಿಗೇ ಅರ್ಥವಾಗುತ್ತದಲ್ಲ ಎನ್ನುವುದು ನನ್ನ ವಾದ.

ಇನ್ನೊಂದು ಕಾರಣವೂ ಇತ್ತು. ನಮ್ಮ ಕಡೆ ತೋಟಕ್ಕೋ ಅಂಗಡಿಗೋ ಜನ ಬೇಕಾದರೆ ಮೊದಲು ಕೇಳುವ ಪ್ರಶ್ನೆ, ಯಾರ ಕಡೆಯವರು ಎಂದು. ತೋಟದ ಲೆಕ್ಕ ಬರೆಯುವ ರೈಟರ ತಂಗಿ, ಪಕ್ಕದ ಎಸ್ಟೇಟಿನ ಲೈನ್ ಮನೆಯ ಆಳುಗಳು, ಮೇಸ್ತ್ರಿಗೆ ಗೊತ್ತಿರುವವರು, ಹೀಗೆ ಒಬ್ಬರ ಕೈ ಹಿಡಿದು ಇನ್ನೊಬ್ಬರು ಬರಬೇಕು. ಯಾರ ಹೆಸರೂ ಇಲ್ಲದೆ ಒಂಟಿಯಾಗಿ ಬಂದ ಕಾಗದ ಎಂದರೆ ನಮಗೆ ಏನೋ ಅನುಮಾನ.

ಕೆಲವು ವರ್ಷಗಳ ಹಿಂದೆ ಮೇ ತಿಂಗಳಲ್ಲಿ ಅಂಥದ್ದೇ ಒಂದು ಕಾಗದ ಬಂತು. ಕುಶಾಲನಗರದ ಹತ್ತಿರದ ಒಂದು ನರ್ಸರಿಯಲ್ಲಿ ಆರು ವರ್ಷದಿಂದ ಕೆಲಸ ಮಾಡುತ್ತಿದ್ದ ಹೆಂಗಸು ಬರೆದದ್ದು. ಗೆರೆ ಹಾಕಿದ ನೋಟುಪುಸ್ತಕದ ಹಾಳೆ, ದುಂಡನೆಯ ಅಕ್ಷರ. ತರಬೇತಿಗೆ ಹೋಗಿ ಕರಿಮೆಣಸಿನ ಕಸಿ ಕಟ್ಟುವುದನ್ನು ಕಲಿತಿದ್ದೇನೆ, ಇಲ್ಲಿ ಮಾತ್ರ ನೀರು ಹಾಕುವುದು, ಬ್ಯಾಗಿಗೆ ಮಣ್ಣು ತುಂಬುವುದು ಬಿಟ್ಟರೆ ಬೇರೆ ಕೊಡುವುದಿಲ್ಲ, ನೀವು ಕಸಿ ಬಳ್ಳಿ ಶುರು ಮಾಡಿದ್ದೀರೆಂದು ಕೇಳಿದೆ, ಈಗಲ್ಲದಿದ್ದರೂ ಮುಂದೆ ಅವಕಾಶವಿದ್ದರೆ ತಿಳಿಸಿ ಎಂದು ಬರೆದಿದ್ದಳು. ಕೆಲಸದ ಹೊತ್ತಿನಲ್ಲಿ ಫೋನ್ ಎತ್ತುವಂತಿಲ್ಲ, ಅದಕ್ಕೆ ಕಾಗದ ಎಂದೂ ಇತ್ತು. ಜೊತೆಗೆ ತನ್ನ ವಿಳಾಸ ಬರೆದು ಸ್ಟಾಂಪು ಅಂಟಿಸಿದ ಒಂದು ಖಾಲಿ ಕವರು.

ನಾನು ಕಸಿ ಶುರು ಮಾಡಿದ್ದು ನಿಜ. ಸೊರಗು ರೋಗಕ್ಕೆ ಬಳ್ಳಿಗಳು ಬುಡ ಕೊಳೆತು ಹೋಗುತ್ತಿದ್ದವು. ನೀರು ನಿಂತರೂ ತಡೆಯುವ ಬ್ರೆಜಿಲ್ ಹಿಪ್ಪಲಿ ಗಿಡದ ಬುಡಕ್ಕೆ ನಮ್ಮ ಮೆಣಸಿನ ಕುಡಿ ಕಟ್ಟಿದರೆ ಬದುಕುತ್ತದೆ ಎಂದು ಕೇಳಿ, ನಾನೇ ಬ್ಲೇಡು ಹಿಡಿದು ಕೂತಿದ್ದೆ. ನೂರು ಕಟ್ಟಿದ್ದರಲ್ಲಿ ಉಳಿದದ್ದು ಒಂಬತ್ತು. ಊರಿಗೆಲ್ಲ ಕಸಿ ಬಳ್ಳಿ ಕೊಡುತ್ತೇನೆಂದು ಹೇಳಿಕೊಂಡು ತಿರುಗಿದ್ದೆ, ಈ ಒಂಬತ್ತನ್ನು ಯಾರಿಗೂ ತೋರಿಸಿರಲಿಲ್ಲ. ಹೀಗಾಗಿ ಆ ಕಾಗದ ನನಗೆ ಬೇಕಾದದ್ದೇ ಆಗಿತ್ತು. ಆದರೂ ಕ್ಯಾಲೆಂಡರಿನ ಹಿಂದೆ ಸಿಕ್ಕಿಸಿದೆ. ಖಾಲಿ ಕವರು ಹಾಳಾಗುವುದು ಬೇಡವೆಂದು ಅದರಲ್ಲಿ ಸೌತೆ ಬೀಜ ತುಂಬಿಟ್ಟೆ.

ಆ ವಾರದ ಕೊನೆಗೆ ಸುಂಟಿಕೊಪ್ಪದಲ್ಲಿ ಒಂದು ಮದುವೆ. ಊಟದ ಪಂಕ್ತಿಯಲ್ಲಿ ನನ್ನ ಪಕ್ಕಕ್ಕೆ ಬಂದು ಕೂತವರು ಆ ಕುಶಾಲನಗರದ ನರ್ಸರಿಯ ಮಾಲೀಕರೇ. ಬಹಳ ವರ್ಷದ ಪರಿಚಯ. ಒಳ್ಳೆಯದೇ ಆಯಿತು, ಈಗಲೇ ವಿಚಾರಿಸಿಬಿಡೋಣ ಎಂದುಕೊಂಡೆ. ನಿಮ್ಮಲ್ಲಿ ಇಂಥವಳು ಇದ್ದಾಳಂತಲ್ಲ, ನನಗೆ ಕಾಗದ ಬರೆದಿದ್ದಾಳೆ, ಹೇಗೆ ಕೆಲಸ ಎಂದು ಕೇಳಿದೆ. ಒಳ್ಳೆಯ ಕೈ, ಮೋಸವಿಲ್ಲ ಎಂದರು. ಆಮೇಲೆ ಪಾಯಸದವನನ್ನು ಕರೆದು ಇನ್ನೊಂದು ಸೌಟು ಹಾಕಿಸಿಕೊಂಡರು. ನಾನು ಜಾಣೆಯಂತೆ ಬೀಗುತ್ತ ಮನೆಗೆ ಬಂದೆ. ಮಳೆ ಹಿಡಿದ ಮೇಲೆ ಕರೆಸಿದರಾಯಿತು ಎಂದುಕೊಂಡು ಬೇರೆ ಕೆಲಸಕ್ಕೆ ಬಿದ್ದೆ.

ಹತ್ತು ದಿನ ಬಿಟ್ಟು ಅದೇ ಅಕ್ಷರದ ಎರಡನೇ ಕಾಗದ ಬಂತು. ಮುಂದಿನ ಒಂದನೇ ತಾರೀಕಿನಿಂದ ಬರಬೇಡ ಎಂದಿದ್ದಾರೆ, ಬೇರೆ ಕಡೆ ಹೋಗುವವಳನ್ನು ಮಳೆಗಾಲಕ್ಕೆ ನಂಬಿ ಕೂರಲು ಆಗುವುದಿಲ್ಲವಂತೆ ಎಂದು ಬರೆದಿದ್ದಳು. ಬೈಗುಳ ಇರಲಿಲ್ಲ. ಮುಂದೆ ಅವಳದೇ ಮಾತಿನಲ್ಲಿ ಹೀಗಿತ್ತು: ನನ್ನ ಗಂಡ ಗಾರೆ ಕೆಲಸದವರು, ಮಳೆ ಹಿಡಿದರೆ ಅವರಿಗೆ ಕೆಲಸವಿಲ್ಲ. ಮಗಳು ಎಸ್ಸೆಸ್ಸೆಲ್ಸಿ ಪಾಸಾಗಿದ್ದಾಳೆ, ಅವಳನ್ನು ಕಾಲೇಜಿಗೆ ಸೇರಿಸುವುದೋ ಬಟ್ಟೆ ಅಂಗಡಿಯ ಕೆಲಸಕ್ಕೆ ಕಳಿಸುವುದೋ ತೀರ್ಮಾನ ಮಾಡಬೇಕು. ಆದ್ದರಿಂದ ನನ್ನ ಮೊದಲ ಪತ್ರಕ್ಕೆ ಆಗುತ್ತದೆ ಎಂದೋ ಆಗುವುದಿಲ್ಲ ಎಂದೋ ಉತ್ತರ ಬರೆಯಬೇಕಾಗಿ ಕೇಳಿಕೊಳ್ಳುತ್ತೇನೆ. ಇಷ್ಟೇ.

ಕ್ಯಾಲೆಂಡರಿನ ಹಿಂದಿನಿಂದ ಮೊದಲ ಕಾಗದ ಎಳೆದೆ. ತಿರುಗಿಸಿದೆ. ಹಿಂಬದಿಯಲ್ಲಿ ಮೂರು ಸಾಲು ಇತ್ತು. ದಯವಿಟ್ಟು ಈಗ ಕೆಲಸ ಮಾಡುವ ಕಡೆ ನನ್ನ ವಿಷಯ ಕೇಳಬೇಡಿ. ಗೊತ್ತಾದರೆ ಬಿಡಿಸುತ್ತಾರೆ. ನನ್ನ ಕೈ ಹೇಗೆ ಎಂದು ನೀವೇ ಕಸಿ ಕಟ್ಟಿಸಿ ನೋಡಿ.

ನನಗೆ ನನ್ನ ಮೇಲೇ ಅಸಹ್ಯವಾಯಿತು. ಒಂದು ಹಾಳೆ ತಿರುಗಿಸುವ ವ್ಯವಧಾನ ಇಲ್ಲದವಳು, ಮದುವೆ ಊಟದಲ್ಲಿ ಇನ್ನೊಬ್ಬಳ ಅನ್ನಕ್ಕೆ ಕಲ್ಲು ಹಾಕಿ ಬಂದಿದ್ದೆ. ಯಜಮಾನರು, ಎಲ್ಲರೂ ಹಾಗೇ ವಿಚಾರಿಸುವುದಲ್ಲವಾ, ನೀನೊಬ್ಬಳೇ ಮಾಡಿದ್ದಾ ಎಂದು ಸಮಾಧಾನ ಮಾಡಲು ಬಂದರು. ಅವರ ಮೇಲೂ ರೇಗಿದೆ. ಎಲ್ಲರೂ ಮಾಡುತ್ತಾರೆ ಎನ್ನುವುದೇ ನನಗೆ ಹೆಚ್ಚು ಚುಚ್ಚಿತ್ತು.

ಮರುದಿನ ಬೆಳಿಗ್ಗೆಯೇ ಹೊರಟೆ. ಮೊದಲು ಆ ಮಾಲೀಕರ ಹತ್ತಿರ ಹೋಗಿ, ತಪ್ಪು ನನ್ನದು, ಅವಳನ್ನು ಉಳಿಸಿಕೊಳ್ಳಿ ಎಂದು ಕೇಳಿದೆ. ಅವರಿಗೂ ಮುಜುಗರವಾಯಿತು ಅಂತ ಕಾಣುತ್ತದೆ. ಆದರೆ ಅವಳ ಜಾಗಕ್ಕೆ ಬೇರೊಬ್ಬಳಿಗೆ ಮಾತು ಕೊಟ್ಟಾಗಿತ್ತು. ಅಲ್ಲಿಂದ ವಿಳಾಸ ಹುಡುಕಿಕೊಂಡು ಅವಳ ಮನೆಗೆ ಹೋದೆ. ಹಾಸನದ ಕಡೆಯಿಂದ ಬಂದು ನೆಲೆಸಿದವರ ಮನೆಗಳ ಸಾಲಿನಲ್ಲಿ ಸಣ್ಣ ಹೆಂಚಿನ ಮನೆ. ಅಂಗಳದಲ್ಲಿ ಒಡೆದ ಬಕೆಟ್ಟು, ಎಣ್ಣೆ ಡಬ್ಬ, ಎಲ್ಲದರಲ್ಲೂ ಕಸಿ ಕಟ್ಟಿದ ಮೆಣಸಿನ ಬಳ್ಳಿಗಳು ಚಿಗುರಿ ನಿಂತಿದ್ದವು. ಅವನ್ನು ನೋಡಿ ನನ್ನ ಒಂಬತ್ತು ಬಳ್ಳಿ ನೆನಪಾದವು.

ನಲವತ್ತರ ಆಸುಪಾಸಿನ, ಕಡ್ಡಿಯಂಥ ಹೆಂಗಸು. ನಾನು ಯಾರೆಂದು ಹೇಳಿದೆ. ನಿಮ್ಮ ಪತ್ರದ ಹಿಂಬದಿ ನಾನು ನೋಡಲಿಲ್ಲ, ನನ್ನಿಂದ ತಪ್ಪಾಯಿತು ಎಂದೆ. ಅವಳು ಸೆರಗಿನಲ್ಲಿ ಕೈ ಒರೆಸಿಕೊಂಡಳು. ಆಮೇಲೆ ಒಳಗೆ ಕರೆದು ಕೂರಿಸಿದಳು. ನಾಳೆಯಿಂದಲೇ ಕೆಲಸಕ್ಕೆ ಬನ್ನಿ ಎಂದೆ. ಸಂತೋಷಪಡುತ್ತಾಳೆ ಎಂದುಕೊಂಡಿದ್ದೆ.

"ಬ್ಯಾಡಿ ಅಕ್ಕಾ," ಎಂದಳು. "ತಪ್ಪಾಯ್ತು ಅಂತ ಕೆಲ್ಸ ಕೊಟ್ರೆ, ನಾಳೆ ನಿಮ್ಗೆ ಸಿಟ್ಟು ಬಂದಾಗ ಅದೇ ಮಾತು ಬರುತ್ತೆ. ನನ್ ಕೈ ನೋಡಿ ಕೊಡಿ. ಆಗಲ್ಲ ಅಂದ್ರೆ ಆಗಲ್ಲ ಅಂತನೇ ಹೇಳಿ, ಬ್ಯಾರೆ ಕಡೆ ಹುಡುಕ್ಕೊತೀನಿ. ಯಾವತ್ತು ಹೇಳ್ತೀರ ಅಂತ ಮಾತ್ರ ಈಗ್ಲೇ ಹೇಳ್ಬಿಡಿ."

ನನ್ನ ಸಿಟ್ಟಿನ ಸುದ್ದಿ ಕುಶಾಲನಗರದವರೆಗೂ ತಲುಪಿದೆ ಎಂದು ಆಗ ಗೊತ್ತಾಯಿತು. ಕಸಿ ಕಟ್ಟಿದ ಮೂವತ್ತನೇ ದಿನ ಹೇಳುತ್ತೇನೆ, ಅಲ್ಲಿಯವರೆಗೆ ಕೂಲಿಗೆ ಬನ್ನಿ ಎಂದೆ. ಹಾಗಾದರೆ ಅಷ್ಟು ದಿನ ಮಗಳು ಕಾಲೇಜಿಗೆ ಹೋಗಲಿ, ಆಮೇಲಿನದು ಆಮೇಲೆ ಎಂದಳು. ಒಳಕೋಣೆಯ ಬಾಗಿಲಲ್ಲಿ ನಿಂತಿದ್ದ ಮಗಳು ನನ್ನನ್ನೇ ನೋಡುತ್ತಿದ್ದಳು. ಆ ನೋಟ ತಪ್ಪಿಸಿಕೊಂಡು ಕಾಫಿ ಕುಡಿದೆ.

ಜೂನ್ ಮೊದಲ ವಾರ ಅವಳು ಎರಡು ಬಸ್ಸು ಬದಲಿಸಿ ಬಂದು ನಲವತ್ತು ಕಸಿ ಕಟ್ಟಿದಳು. ನಾನು ಒಂದು ಕಟ್ಟುವಷ್ಟರಲ್ಲಿ ಅವಳದ್ದು ನಾಲ್ಕಾಗುತ್ತಿತ್ತು. ಪ್ರತಿಯೊಂದಕ್ಕೂ ತೆಳು ಪ್ಲಾಸ್ಟಿಕ್ಕಿನ ಟೋಪಿ ತೊಡಿಸಿ ನೆರಳಿಗಿಟ್ಟಳು. ಚಿಗುರು ಕಾಣುವವರೆಗೆ ಯಾರೂ ಟೋಪಿ ತೆಗೆಯಬಾರದು ಎಂದು ಎಲ್ಲರಿಗೂ ಹೇಳಿದಳು. ಹೇಳುವಾಗ ನನ್ನ ಕಡೆ ಸ್ವಲ್ಪ ಹೆಚ್ಚೇ ನೋಡಿದಳು.

ಎರಡು ವಾರ ಕಳೆಯಿತು. ಒಂದರಲ್ಲೂ ಚಿಗುರಿಲ್ಲ. ಐದಾರರ ಎಲೆ ಹಳದಿಯಾಗಿ ಬಿತ್ತು. ಅವಳು ತನ್ನ ಪಾಡಿಗೆ ಬ್ಯಾಗಿಗೆ ಮಣ್ಣು ತುಂಬುತ್ತಿದ್ದಳು, ನನಗೆ ಮಾತ್ರ ಊಟ ಸೇರುತ್ತಿರಲಿಲ್ಲ. ಇವು ಸತ್ತರೆ ಏನು ಹೇಳುವುದು? ಇಲ್ಲ ಎಂದರೆ ಆ ಹುಡುಗಿ ಬಟ್ಟೆ ಅಂಗಡಿಗೆ ಹೋಗುತ್ತಾಳೆ. ಕರುಣೆಯಿಂದ ಹೌದು ಎಂದರೆ ಅವಳಮ್ಮನೇ ಒಪ್ಪುವುದಿಲ್ಲ. ತಡೆಯಲಾರದೆ ಒಂದು ಮಧ್ಯಾಹ್ನ, ಎಲ್ಲರೂ ಊಟಕ್ಕೆ ಹೋದಾಗ, ಎರಡರ ಟೋಪಿ ತೆಗೆದು ಇಣುಕಿ ಮತ್ತೆ ತೊಡಿಸಿದೆ.

ಮೂವತ್ತನೇ ದಿನ ಇಬ್ಬರೂ ಕುಕ್ಕರಗಾಲಿನಲ್ಲಿ ಕೂತು ಒಂದೊಂದೇ ನೋಡಿದೆವು. ಇಪ್ಪತ್ತೊಂಬತ್ತು ಚಿಗುರಿದ್ದವು. ಸತ್ತ ಹನ್ನೊಂದನ್ನು ಅವಳೇ ಬೇರೆ ಸಾಲಿನಲ್ಲಿಟ್ಟು, ಇದು ಸೀಳು ಆಳವಾಗಿ ಹೋಗಿದೆ, ಇದಕ್ಕೆ ಕಟ್ಟು ಸಡಿಲ ಎಂದು ತನ್ನ ತಪ್ಪು ತಾನೇ ಹೇಳಿದಳು. ಕೊನೆಯ ಎರಡರ ಹತ್ತಿರ ಬಂದಾಗ, ಇವುಗಳ ಟೋಪಿ ಯಾರೋ ತೆಗೆದು ನೋಡಿದ್ದಾರೆ ಎಂದಳು. ನನ್ನ ಮುಖ ನೋಡಲಿಲ್ಲ. ನಾನೇ ತೆಗೆದದ್ದು ಎಂದು ಒಪ್ಪಿಕೊಂಡೆ. ಇಬ್ಬರಿಗೂ ನಗು ತಡೆಯಲಾಗಲಿಲ್ಲ.

ಕೆಲಸ ನಿಮಗೇ ಎಂದು ಅಲ್ಲೇ ಹೇಳಿದೆ. ಆದರೂ ಅವಳು ಕೇಳಿದ್ದು ಕಾಗದಕ್ಕೆ ಉತ್ತರ. ಸಂಜೆ ಸೌತೆ ಬೀಜವನ್ನು ಡಬ್ಬಕ್ಕೆ ಸುರಿದು, ಕವರು ಕೊಡವಿ, ಬರೆಯಲು ಕೂತೆ. ಕಸಿ ಕಟ್ಟುವ ಕೆಲಸ ನಿಮ್ಮದು, ಬೇಸಿಗೆಯಲ್ಲಿ ಕಸಿ ಇರುವುದಿಲ್ಲ, ಆಗ ಬ್ಯಾಗು ತುಂಬುವುದೂ ಇರುತ್ತದೆ ಎಂದು ಇದ್ದದ್ದು ಇದ್ದಂತೆ ಬರೆದೆ. ಉತ್ತರ ತಡವಾದದ್ದಕ್ಕೆ ಕ್ಷಮೆ ಕೇಳಿದೆ. ನಾಲ್ಕು ಸಾಲಿಗೆ ಮೂರು ಹಾಳೆ ಹರಿದೆ. ಎರಡು ದಿನ ಬಿಟ್ಟು ಕೆಲಸಕ್ಕೆ ಬಂದಾಗ ಅವಳು ಹೇಳಿದಳು, ಪತ್ರವನ್ನು ಓದಿದ್ದು ಮಗಳಂತೆ. ಓದಿ ಮುಗಿಸಿದವಳೇ ಹಾಳೆ ತಿರುಗಿಸಿ ಹಿಂಬದಿ ನೋಡಿದಳಂತೆ. ಅಲ್ಲಿ ನಾನು ಒಂದೇ ಸಾಲು ಬರೆದಿದ್ದೆ, ಮಗಳು ಕಾಲೇಜು ಬಿಡುವುದು ಬೇಡ ಎಂದು.

ಆ ಹುಡುಗಿಯ ಪಿಯುಸಿ ಮುಗಿದು ಈಗ ಡಿಗ್ರಿ ನಡೆಯುತ್ತಿದೆ. ನಮ್ಮ ಕಸಿ ಬಳ್ಳಿ ಜಿಲ್ಲೆಯ ಇನ್ನೊಂದು ತುದಿಯ ಬಾಳೆಲೆ ಊರಿನವರೆಗೂ ಮಾರಾಟಕ್ಕೆ ಹೋಗುತ್ತದೆ. ಕ್ಯಾಲೆಂಡರಿನ ಹಿಂದೆ ಈಗ ಗೋಡೆ ಬಿಟ್ಟರೆ ಏನೂ ಇಲ್ಲ. ಪತ್ರ ಬಂದ ವಾರದೊಳಗೆ ಉತ್ತರ ಹೋಗುತ್ತದೆ. ಡ್ರೈವರಿಗೆ ಇಲ್ಲ ಎಂದರೆ ಇಲ್ಲ ಎಂದೇ ಬರೆಯುತ್ತೇವೆ. ಪೊನ್ನಂಪೇಟೆಯ ಹುಡುಗಿಯರಿಗೆ ಕೆಲಸವಿಲ್ಲ, ಆದರೆ ಕಸಿ ನಡೆಯುವಾಗ ಬಂದು ನೋಡಿ ಹೋಗಿ ಎಂದು ಬರೆದು, ಬರಬೇಕಾದ ದಿನವನ್ನೂ ತಿಳಿಸುತ್ತೇವೆ. ಹಾಗೆ ನೋಡಲು ಬಂದ ಒಬ್ಬಳು ಆಮೇಲೆ ಬೇರೆ ಕಡೆ ಕೆಲಸ ಹಿಡಿದು ನಮಗೆ ಸಿಹಿ ತಂದುಕೊಟ್ಟಳು.

ಉತ್ತರ ಬರೆಯುವ ಕೆಲಸವನ್ನೂ ನಾನು ಕಸಿ ಕಟ್ಟುವವಳಿಗೇ ವಹಿಸಿದ್ದೇನೆ, ಅಕ್ಷರ ನನ್ನದಕ್ಕಿಂತ ಚೆನ್ನಾಗಿದೆ. ಏನು ಬರೆಯುವುದೆಂದು ಇಬ್ಬರೂ ಕೂತು ಮಾತಾಡುತ್ತೇವೆ, ಜಗಳವೂ ಆಡುತ್ತೇವೆ. ಮೊದಲ ಎರಡು ಸಾಲು ಮಾತ್ರ ಅವಳು ನನ್ನನ್ನು ಕೇಳದೆಯೇ ಬರೆಯುತ್ತಾಳೆ. ಯಾರಿಗೆ ಬರೆದರೂ, ಹೌದು ಎಂದು ಬರೆದರೂ ಇಲ್ಲ ಎಂದು ಬರೆದರೂ, ಶುರುವಾಗುವುದು ಹೀಗೇ: ನಿಮ್ಮ ಪತ್ರದ ಎರಡೂ ಬದಿ ಓದಿದ್ದೇವೆ. ನಿಮ್ಮ ಬಗ್ಗೆ ಯಾರನ್ನೂ ಕೇಳಿಲ್ಲ.