ಕೋಡಿ ಮುಟ್ಟುವ ಬೆಳಕು

ಈಶ್ವರಮ್ಮ ಮೂರನೆಯ ಸಲ ಅಂಗಡಿ ಮೆಟ್ಟಿಲು ಹತ್ತಿದಾಗ ಬಾಲಾಜಿ ಕೈಮುಗಿದೇಬಿಟ್ಟ. ಟಿ. ದಾಸರಹಳ್ಳಿಯಲ್ಲಿ ಹದಿನೈದು ವರ್ಷದಿಂದ ಎಲೆಕ್ಟ್ರಿಕಲ್ ಅಂಗಡಿ ಇಟ್ಟವನು, ಒಂದು ಟಾರ್ಚಿಗೆ ಇಷ್ಟು ತಕರಾರು ತೆಗೆದ ಗಿರಾಕಿಯನ್ನು ಕಂಡೇ ಇರಲಿಲ್ಲವಂತೆ. ಈಗ ಕಂಡನಲ್ಲ, ಬಿಡಿ. ಬೇಕಾದ್ದು ಸಿಗುವ ತನಕ ಸುಮ್ಮನಾಗುವ ಹೆಂಗಸಲ್ಲ ಆಕೆ.

ಈಶ್ವರಮ್ಮ ಪೀಣ್ಯದ ಮಗ್ಗುಲಿನ ಕೆರೆಯ ನೀರುಗಂಟಿ ಮನೆಯ ಸೊಸೆ. ತೂಬು ಎತ್ತಿ, ಯಾರ ಗದ್ದೆಗೆ ಎಷ್ಟು ನೀರು ಅಂತ ಹಂಚುತ್ತಿದ್ದದ್ದು ಆ ಮನೆಯವರೇ. ಗದ್ದೆಗಳ ಮೇಲೆ ಈಗ ಕಾರ್ಖಾನೆ ಶೆಡ್ಡುಗಳು ಎದ್ದಿವೆ, ಹಂಚೋಕೆ ಏನೂ ಉಳಿದಿಲ್ಲ. ಆದರೂ ಮಾವ ಪಾಪಯ್ಯ ಸಾಯುವ ತನಕ ದಿನಾ ದೀಪ ಹಚ್ಚುವ ಹೊತ್ತಿಗೆ ಲಾಟೀನು ಹಿಡಿದು ಕೆರೆ ಏರಿ ಮೇಲೆ ಒಂದು ಸುತ್ತು ಹೋಗಿಬರುತ್ತಿದ್ದ. ಏರಿ ಮೇಲೆ ಬೆಳಕು ಓಡಾಡಬೇಕು, ಕೆರೆಗೆ ದಿಕ್ಕಿಲ್ಲ ಅಂತ ಯಾರಿಗೂ ಅನ್ನಿಸಬಾರದು. ಅಷ್ಟೇ ಅವನ ವೇದಾಂತ. ಅವನಾದ ಮೇಲೆ ಸೊಸೆ ಹೊರಟಳು. ವಯಸ್ಸು ಅರವತ್ತೆರಡು, ಎಡಮಂಡಿ ನೋವು, ಬೈಗುಳಕ್ಕೆ ಮಾತ್ರ ಬರವಿಲ್ಲ.

ಈ ವರ್ಷ ಕತ್ತಲಾಗುತ್ತಲೇ, ಊರೆಲ್ಲ ಧಾರಾವಾಹಿ ಮುಂದೆ ಕೂತ ಹೊತ್ತು ನೋಡಿಕೊಂಡು, ಕೆರೆ ತುಂಬಿದರೆ ನೀರು ಹೊರಗೆ ಹರಿಯುವ ಕೋಡಿಯ ಹತ್ತಿರ ಒಂದು ಟ್ಯಾಂಕರ್ ಬಂದು ನಿಲ್ಲತೊಡಗಿತು. ಎಲ್ಲಿಂದಲೋ ತಂದ ನಾರುವ ನೀರನ್ನು ಕೆರೆಗೆ ಬಿಟ್ಟು ಹೊರಟುಬಿಡುತ್ತಿತ್ತು. ಬೆಳಗ್ಗೆ ನೋಡಿದರೆ ಮೀನುಗಳು ಹೊಟ್ಟೆ ಮೇಲೆ ಮಾಡಿ ತೇಲುತ್ತಿದ್ದವು. ಈಶ್ವರಮ್ಮ ಕೆರೆ ನೋಡಿಕೊಳ್ಳುವ ಕಚೇರಿಗೆ ಹೋದಳು. ಅಲ್ಲಿನ ಸಾಹೇಬರು ತಲೆ ಎತ್ತದೆ, ಗಾಡಿ ನಂಬರ್ ಕಾಣೋ ಫೋಟೋ ತಗೊಂಡು ಬಾರಮ್ಮ, ಬಾಯಿಮಾತಿಗೆ ನಾವೇನು ಮಾಡೋಕಾಗುತ್ತೆ ಅಂದರು. ಆಕೆಗೆ ಮೈಯೆಲ್ಲ ಉರಿದುಹೋಯಿತು. ಫೋಟೋ ತಾನೇ, ತಂದು ಮುಖಕ್ಕೆ ಹಿಡೀತೀನಿ ಅಂತ ಹಟ ಹಿಡಿದಳು.

ಹಟ ಸರಿ, ಬೆಳಕು ಬೇಕಲ್ಲ? ಆಕೆ ನಿಲ್ಲುವ ತೂಬಿನಿಂದ ಕೋಡಿಗೆ ನೂರು ಹೆಜ್ಜೆ ದೂರ, ನಡುವೆ ನೀರು. ಸುತ್ತಿಬಳಸಿ ಹೋಗುವಷ್ಟರಲ್ಲಿ ಟ್ಯಾಂಕರ್ ಖಾಲಿಯಾಗಿ ಹೋಗಿರುತ್ತಿತ್ತು.

ಬಾಲಾಜಿ ಮೊದಲು ಕೊಟ್ಟದ್ದು ಜೂಮ್ ಟಾರ್ಚು. ಅಂಗಡಿಯೊಳಗೆ ಗೋಡೆಗೆ ಬಿಟ್ಟು ತೋರಿಸಿದ. ಗೋಡೆ ಮೇಲೆ ಯಾವ ಟಾರ್ಚ್ ತಾನೇ ಚೆಂದ ಕಾಣಲ್ಲ ಹೇಳಿ! ಈಶ್ವರಮ್ಮನೂ ಅಷ್ಟಕ್ಕೇ ಒಪ್ಪಿ ತಂದಳು. ಸಂಜೆ ಏರಿ ಮೇಲೆ ಅದರ ಮೂತಿ ಎಳೆದರೆ ಬೆಳಕು ಸಣ್ಣ ಚೌಕವಾಗಿ ಹೋಗಿ ಕೋಡಿಗೆ ಬಿತ್ತು, ಸುತ್ತ ಮಾತ್ರ ಕಗ್ಗತ್ತಲು. ಚೌಕದೊಳಗೆ ಟ್ಯಾಂಕರಿನ ಚಕ್ರ ಸಿಕ್ಕಿತು. ನಂಬರ್ ಹುಡುಕುತ್ತ ಒಂದು ಹೆಜ್ಜೆ ಮುಂದಿಟ್ಟವಳು ಕಾಲಬುಡದ ಗುಂಡಿ ಕಾಣದೆ ಮುಗ್ಗರಿಸಿ, ಇದ್ದ ನೋವಿನ ಮಂಡಿಯನ್ನೇ ತರಚಿಕೊಂಡಳು. ಮನೆಗೆ ಮಾರಿ ಊರಿಗೆ ಉಪಕಾರಿ ಕಣೋ ನಿನ್ನ ಟಾರ್ಚು ಅಂತ ವಾಪಸ್ ಕೊಟ್ಟಳು. ಎರಡನೆಯದು ಅಗಲ ಬೆಳಕಿನದು. ಹುಲ್ಲು, ಜೊಂಡು, ಸೊಳ್ಳೆ ಎಲ್ಲ ಹಗಲಿನಂತೆ ಕಂಡವು. ಕೋಡಿ ಎಲ್ಲಿದೆ ಅಂತಲೇ ಗೊತ್ತಾಗಲಿಲ್ಲ.

ಅದಕ್ಕೇ ಮೂರನೆಯ ಸಲ ಬೇಕಂತಲೇ ಮುಸ್ಸಂಜೆಗೆ ಬಂದಳು. ಗೋಡೆಗೆ ಬಿಡೋದು ಬೇಡ, ತಾರಸಿಗೆ ನಡಿ ಅಂತ ಬಾಲಾಜಿಯನ್ನು ಎಬ್ಬಿಸಿದಳು. ದೂರದ ನೀರಿನ ಟ್ಯಾಂಕಿಗೆ ಒಂದೊಂದೇ ಟಾರ್ಚ್ ಬಿಡಿಸಿದಳು. ಕೊನೆಗೆ ಒಂದು ಸಿಕ್ಕಿತು. ಬಲ್ಬಿನ ಸುತ್ತಲಿನ ಬಟ್ಟಲು ಆಳವಾಗಿ, ಕನ್ನಡಿಯಂತೆ ನುಣ್ಣಗಿತ್ತು. ನಡುವಿನ ಬೆಳಕು ಗಟ್ಟಿಯಾಗಿ ಟ್ಯಾಂಕಿಗೆ ಹೋಗಿ ಬಡಿಯಿತು, ಸುತ್ತ ಚೆಲ್ಲಿದ ತೆಳು ಬೆಳಕಿನಲ್ಲಿ ಆಕೆಯ ಚಪ್ಪಲಿಯೂ ಕಂಡಿತು. ಇದು ಕಣೋ ಟಾರ್ಚು ಅಂದಳು.

ಮಾರನೆಯ ಸಂಜೆ ತನ್ನ ಸೊಸೆ ವೇಣಿಯನ್ನೂ ಕರೆದುಕೊಂಡು ತೂಬಿನ ಹತ್ತಿರ ನಿಂತಳು. ಗಾರ್ಮೆಂಟ್ಸ್ ಕೆಲಸ ಮುಗಿಸಿ ಬಂದಿದ್ದ ವೇಣಿಯ ಕೈಯಲ್ಲಿ ಫೋನು. ಟ್ಯಾಂಕರ್ ಬಂತು, ಪೈಪಿಳಿಯಿತು. ಈಶ್ವರಮ್ಮ ಟಾರ್ಚಿನ ನಡುಬೆಳಕನ್ನು ಸೀದಾ ನಂಬರ್ ಪ್ಲೇಟಿಗೇ ಹೊಡೆದಳು.

"ಅತ್ತೆ, ಪ್ಲೇಟು ಬರೀ ಬೆಳ್ಳಗೆ ಉರೀತೈತೆ, ನಂಬರೇ ಬರ್ತಿಲ್ಲ," ಅಂದಳು ವೇಣಿ.

ಆ ಕಡೆಯಿಂದ ಡ್ರೈವರ್, ಲೈಟ್ ತೆಗಿಯೇ ಮುದುಕಿ, ಕೆರೆಗೇ ತಳ್ತೀನಿ ಅಂತ ಕೂಗಿ ಪೈಪ್ ಎಳೆಯಲು ಓಡಿದ. ವೇಣಿ ಅತ್ತೆಯ ಬೆನ್ನ ಹಿಂದಕ್ಕೆ ಸರಿದಳು. ಈಶ್ವರಮ್ಮನಿಗೂ ಹೆದರಿಕೆ ಆಗಲಿಲ್ಲ ಅಂದರೆ ಸುಳ್ಳು. ಆದರೆ ಹೆದರಿಕೆಗಿಂತ ಸಿಟ್ಟು ದೊಡ್ಡದಿತ್ತು. ಆಗ ಮಾವನ ಮಾತು ನೆನಪಾಯಿತು: ನೋಡಬೇಕಾದ್ದರ ಮೂಗಿಗೆ ಲಾಟೀನು ಹಿಡೀಬಾರದು, ಒಂದು ಮೊಳ ಪಕ್ಕಕ್ಕೆ ಹಿಡಿ. ಆಕೆ ಮಣಿಕಟ್ಟು ಚೂರು ತಿರುಗಿಸಿದಳು. ಗಟ್ಟಿ ಬೆಳಕು ಪೈಪಿನ ಬಾಯಿಗೆ ಬಿತ್ತು, ಅಂಚಿನ ತೆಳು ಬೆಳಕು ಪ್ಲೇಟಿಗೆ. ಕರೀ ನೀರು ಸುರಿಯುವುದೂ ನಂಬರೂ ಒಂದೇ ಫೋಟೋದಲ್ಲಿ ಬಂದವು. ವೇಣಿ ಒಂದಕ್ಕೆ ನಾಲ್ಕು ತೆಗೆದಳು. ಟ್ಯಾಂಕರ್ ರಸ್ತೆ ತಿರುಗುವ ತನಕ ಈಶ್ವರಮ್ಮ ಬೆಳಕು ಇಳಿಸಲಿಲ್ಲ.

ಮರುದಿನ ಸಾಹೇಬರು ಫೋಟೋ ನೋಡಿ, ಈ ಸಲ ತಲೆ ಎತ್ತಿದರು. ಕುರ್ಚಿ ಹಾಕಿಸಿ ದೂರಿನ ಹಾಳೆ ತೆಗೆದು, ಹೆಸರು, ವಿಳಾಸ ಬರೆದುಕೊಂಡು, ಉದ್ಯೋಗ ಏನಮ್ಮ ಅಂತ ಕೇಳಿದರು.

"ನೀರುಗಂಟಿ."

ಸಾಹೇಬರ ಪೆನ್ನು ನಿಂತಿತು. "ಆ ಕೆಲಸವೇ ಈಗಿಲ್ವಲ್ಲಮ್ಮ."

"ಕೆರೆ ಐತಲ್ಲ ಸಾರ್," ಅಂದಳು ಈಶ್ವರಮ್ಮ. "ಬರ್ಕೊಳ್ಳಿ."

ಅವರು ಬರೆದುಕೊಂಡರು.