ಆಷಾಢಕ್ಕೆ ಎರಡು ದಿನ ಮುಂಚೆ ಮಾರಿದ ಹಳದಿ ಕಾರು

ನಾನು ಸ್ಪೋರ್ಟ್ಸ್ ಕಾರು ಮಾರಿ ಹೊಟ್ಟೆ ಹೊರೆಯೋಳು ಅಂದರೆ ಹಿಂದೂಪುರದ ನಮ್ಮ ಬೀದಿಯಲ್ಲಿ ಇವತ್ತಿಗೂ ಯಾರೂ ನಂಬಲ್ಲ. "ಸ್ಕೂಟಿ ಹಿಂದೆ ಕೂತ್ರೇ ಕಣ್ಮುಚ್ಕೊಂತೀಯ, ನೀನ್ ಕಾರ್ ಮಾರ್ತೀಯಾ?" ಅಂತ ಪಕ್ಕದ ಮನೆಯಾಕೆ ಆಡಿಕೊಳ್ಳುತ್ತಾಳೆ. ಆಡಿಕೊಳ್ಳಲಿ. ಬೆಳಗಿನ ಮೊದಲ ಬಸ್ಸು ಹತ್ತಿ, ಚಿಲಮತ್ತೂರು ದಾಟಿ, ಬೆಂಗಳೂರಿನ ಏರ್‌ಪೋರ್ಟ್ ರಸ್ತೆಯ ಗಾಜಿನ ಷೋರೂಮಿಗೆ ಹೋಗಿ ಬರುತ್ತಾ ಎಂಟು ವರ್ಷ ಆಯಿತು. ನನ್ನನ್ನು ಕೆಲಸಕ್ಕೆ ಇಟ್ಟುಕೊಂಡಿದ್ದೇ ತೆಲುಗು ಬರುತ್ತೆ ಅಂತ. ಅನಂತಪುರದ ಕಡೆಯ ಗ್ರಾನೈಟಿನವರು, ಕಂಟ್ರಾಕ್ಟರುಗಳು ಬಂದಾಗ ಅವರ ಭಾಷೆಯಲ್ಲೇ ಅಣ್ಣಾ, ಬಾವಾ ಅನ್ನೋ ಒಬ್ಬ ಹೆಂಗಸು ಷೋರೂಮಿನವರಿಗೆ ಬೇಕಿತ್ತು.

ಒಳ್ಳೆ ಕಾಲದಲ್ಲಿ ನಮ್ಮ ಕೊಬ್ಬು ನೋಡಬೇಕಿತ್ತು! ನಾವು ಮಾರುತ್ತಿದ್ದದ್ದು ಇಬ್ಬರೇ ಕೂರೋ ಕಾರು. ಫ್ಯಾಕ್ಟರಿಯವರು ಬುಕಿಂಗ್ ಎಷ್ಟು ಬಂದಿದೆಯೋ ಅದಕ್ಕಿಂತ ಒಂದೆರಡು ಕಮ್ಮಿಯೇ ಮಾಡುತ್ತಿದ್ದರು, ಬೇಕೂಂತಲೇ. ದುಡ್ಡು ಕಟ್ಟಿದವನು ಹತ್ತು ತಿಂಗಳು ಕಾಯಬೇಕು. ಒಬ್ಬ ತನ್ನ ಬುಕಿಂಗ್ ಚೀಟಿಯನ್ನೇ ಇನ್ನೊಬ್ಬನಿಗೆ ಮೇಲೆ ದುಡ್ಡು ಇಟ್ಟುಕೊಂಡು ಮಾರಿಕೊಂಡಿದ್ದನ್ನ ನಾನೇ ಕಣ್ಣಾರೆ ಕಂಡಿದ್ದೇನೆ. ಯಾರಾದರೂ ಅಪ್ಪಿತಪ್ಪಿ ಡಿಸ್ಕೌಂಟ್ ಅಂದರೆ ನಾವು ಒಬ್ಬರ ಮುಖ ಒಬ್ಬರು ನೋಡಿಕೊಂಡು ನಗುತ್ತಿದ್ದೆವು. ಈ ಕಾರಿಗೆ ಆ ಮಾತೇ ಬಾಯಲ್ಲಿ ಬರಬಾರದು, ಹೆಸರು ಕೆಡುತ್ತೆ ಅಂತ ಮ್ಯಾನೇಜರು ನಮಗೆ ಪಾಠ ಮಾಡಿದ್ದರು.

ಆಮೇಲೆ ಒಂದು ವರ್ಷ ಫೋನುಗಳು ಸುಮ್ಮನಾದವು. ಸೈಟುಗಳು ಹೋಗುತ್ತಿಲ್ಲ, ಕಂಟ್ರಾಕ್ಟರುಗಳ ಬಿಲ್ಲು ಪಾಸಾಗುತ್ತಿಲ್ಲ, ಎಲ್ಲರ ಬಾಯಲ್ಲೂ ಒಂದೇ ಮಾತು, ಡಲ್ಲು. ಕೈ ಬಿಗಿಯಾದಾಗ ಮನುಷ್ಯ ಟ್ರ್ಯಾಕ್ಟರ್ ತಗೊಳ್ಳೋದು ನಿಲ್ಲಿಸಲ್ಲ, ಮದುವೆ ನಿಲ್ಲಿಸಲ್ಲ, ನಮ್ಮ ಕಾರು ಮೊದಲು ನಿಲ್ಲಿಸುತ್ತಾನೆ. ಬುಕ್ ಮಾಡಿದವರು ಒಬ್ಬೊಬ್ಬರೇ ಮುಂಗಡ ವಾಪಸು ಕೇಳಿದರು. ಫ್ಯಾಕ್ಟರಿ ಮಾತ್ರ ನಿಲ್ಲಲಿಲ್ಲ. ಬಿಡಿಭಾಗಗಳಿಗೆಲ್ಲ ತಿಂಗಳುಗಟ್ಟಲೆ ಮುಂಚೆಯೇ ಆರ್ಡರ್ ಕೊಟ್ಟಾಗಿದೆ, ಬಂದು ಬಿದ್ದಿವೆ, ಜೋಡಿಸಲೇಬೇಕು. ಜೋಡಿಸಿದ್ದನ್ನ ನಮ್ಮ ತಲೆಗೆ ಕಟ್ಟುತ್ತಿದ್ದರು. ಷೋರೂಮಿಗೆ ಲಾರಿ ಬಂದು ಇಳಿಸಿದರೆ ಅವರ ಲೆಕ್ಕದಲ್ಲಿ ಅದು ಮಾರಾಟವಾದ ಕಾರು, ಕೊಳ್ಳೋನು ಇರಲಿ ಬಿಡಲಿ. ಅಷ್ಟು ವರ್ಷ ಕೆಲಸ ಮಾಡಿದ ನನಗೆ ಇದು ಗೊತ್ತಾಗಿದ್ದೇ ಆವಾಗ.

ಒಂದು ಸಂಜೆ ಮ್ಯಾನೇಜರು, "ಮೇಡಂ, ನಿಮ್ಮ ದಾರಿಯಲ್ಲೇ ಅಲ್ವಾ, ಸ್ವಲ್ಪ ನೋಡ್ಕೊಂಡು ಹೋಗಿ" ಅಂತ ಚಿಲಮತ್ತೂರಿನ ಹತ್ತಿರದ ಒಂದು ಗೋಡೌನಿನ ಬೀಗದ ಕೈ ಕೊಟ್ಟರು. ಹೈವೇ ಪಕ್ಕ ಯಾವುದೋ ಕಾಲದ ಈರುಳ್ಳಿ ಗೋಡೌನು. ಷಟರ್ ಎತ್ತಿದರೆ, ಅಯ್ಯೋ ಶಿವನೇ, ಒಳಗೆ ಸಾಲಾಗಿ ನಮ್ಮ ಕಾರುಗಳು! ಕೆಂಪು, ಹಳದಿ, ನೀಲಿ. ಹೊದಿಸಿದ ಬಟ್ಟೆ ಮೇಲೆ ಬೆರಳು ದಪ್ಪ ಧೂಳು. ಒಂದರ ಕೆಳಗೆ ಕೋಳಿ ಮೊಟ್ಟೆ ಇಟ್ಟು ಕಾವಿಗೆ ಕೂತಿತ್ತು. ಜನ ಹತ್ತು ತಿಂಗಳು ಕಾದು, ನನಗೆ ಮೈಸೂರು ಪಾಕು ತಂದುಕೊಟ್ಟು ಕೇಳಿದ ಕಾರು. ನನಗೆ ಕೋಳಿಯನ್ನ ಓಡಿಸಬೇಕು ಅನ್ನೋದೂ ಹೊಳೆಯಲಿಲ್ಲ.

ಆಮೇಲೆ ಡಿಸ್ಕೌಂಟ್ ಬಂತು, ಕಳ್ಳನ ಹಾಗೆ ಹಿಂಬಾಗಿಲಿಂದ. ಬಿಲ್ಲಿನಲ್ಲಿ ಬೆಲೆ ಅಷ್ಟೇ, ಆದರೆ ಇನ್ಶೂರೆನ್ಸು ನಮ್ಮದು, ಎರಡು ವರ್ಷದ ಸರ್ವೀಸು ನಮ್ಮದು, ಮೇಲೊಂದು ಬಂಗಾರದ ನಾಣ್ಯ. ಅದಕ್ಕೂ ಜನ ಬರಲಿಲ್ಲ. ಫ್ಯಾಕ್ಟರಿ ಮೊದಲು ಒಂದು ಷಿಫ್ಟ್ ನಿಲ್ಲಿಸಿತು, ಆಮೇಲೆ ಈ ಮಾಡೆಲನ್ನೇ ನಿಲ್ಲಿಸುತ್ತೀವಿ ಅಂತ ಕಾಗದ ಬಂತು. ಆ ವಾರವೇ ಮ್ಯಾನೇಜರು ನಮ್ಮನ್ನು ಒಬ್ಬೊಬ್ಬರನ್ನೇ ಒಳಗೆ ಕರೆದರು.

"ಅಮಾವಾಸ್ಯೆ ಕಳೆದು ಆಷಾಢ ಬಂದ ಕೂಡಲೇ ಕಂಪನಿ ಬೆಲೆ ಇಳಿಸುತ್ತೆ. ಹೊರಗೆ ಬಾಯಿ ಬಿಡಬೇಡಿ" ಅಂದರು. "ಅಷ್ಟರೊಳಗೆ ಪೂರ್ತಿ ಬೆಲೆಗೆ ಒಂದು ಕಾರು ಮಾರಿದವರು ಇಲ್ಲಿರ್ತಾರೆ. ಮಿಕ್ಕವರದ್ದು ನನ್ನ ಕೈಯಲ್ಲಿಲ್ಲ ಮೇಡಂ."

ನಮ್ಮ ಮನೆಯವರು ಕೆಲಸಕ್ಕೆ ಹೋಗೋ ಫ್ಯಾಕ್ಟರಿ ಆಗಲೇ ವಾರಕ್ಕೆ ಮೂರು ದಿನ ಮಾತ್ರ ನಡೆಯುತ್ತಿತ್ತು. ಮನೆ ನಿಂತಿದ್ದೇ ನನ್ನ ಸಂಬಳದ ಮೇಲೆ. ಎರಡು ದಿನ ನನ್ನ ಹಳೇ ಗಿರಾಕಿಗಳಿಗೆಲ್ಲ ಫೋನ್ ಮಾಡಿದೆ. ಒಬ್ಬ ನಕ್ಕ, ಒಬ್ಬ ಬೈದ, ಒಬ್ಬ ಆ ಹೊತ್ತಿನಲ್ಲಿ ತನ್ನ ಕಾರನ್ನೇ ನನಗೆ ಮಾರಲು ನೋಡಿದ. ಮೂರನೇ ದಿನ ನಾನು ಕಲ್ಯಾಣದುರ್ಗಕ್ಕೆ, ನನ್ನ ಸ್ವಂತ ಅಣ್ಣನಿಗೆ, ಫೋನ್ ಮಾಡಿದೆ. ಯಾರೂ ನನ್ನ ಕೈ ಹಿಡಿದು ಮಾಡಿಸಲಿಲ್ಲ. ನಾನೇ ಮಾಡಿದೆ.

ಅಣ್ಣನಿಗೆ ಕಲ್ಯಾಣದುರ್ಗದಲ್ಲಿ ಕಡಲೆಕಾಯಿ ಮಂಡಿ ಇದೆ. ನಮ್ಮಪ್ಪ ತೀರಿಕೊಂಡ ಮೇಲೆ ಮೊಪೆಡ್ ಮೇಲೆ ಮೂಟೆ ಹೊತ್ತು ಹೊತ್ತು ವ್ಯಾಪಾರ ಕಟ್ಟಿ ನಿಲ್ಲಿಸಿದವನು ಅವನು. ನಾನು ಈ ಕೆಲಸಕ್ಕೆ ಸೇರಿದ ವರ್ಷ ನನ್ನನ್ನು ನೋಡಲು ಷೋರೂಮಿಗೆ ಬಂದಿದ್ದ. ಆ ಕಾರಿನ ಸುತ್ತ ಚಪ್ಪಲಿ ಬಿಟ್ಟು ಬರಿಗಾಲಲ್ಲಿ ಒಂದು ಸುತ್ತು ಬಂದ. "ಒಂದ್ಸಲ ಜೀವಮಾನದಾಗೆ ಇದ್ರಾಗೆ ಕೂತ್ಕಬೇಕು ಕಣಮ್ಮ" ಅಂದ. ಅವತ್ತಿಂದ ಅದಕ್ಕೆ ಅಂತಲೇ ದುಡ್ಡು ಕೂಡಿಡುತ್ತಿದ್ದ. ಅವ್ವನಿಗೆ ಮಾತ್ರ ಇದು ಸುತರಾಂ ಹಿಡಿಸಿರಲಿಲ್ಲ. "ಇಬ್ರೇ ಕೂರೋ ಕಾರಾ? ನನ್ನೇನು ಮೇಲೆ ಕಟ್ಕೊಂಡು ಹೋಯ್ತೀಯಾ?" ಅನ್ನುತ್ತಿದ್ದಳು. ಅಣ್ಣ ಯಾರ ಮಾತು ಕೇಳದಿದ್ದರೂ ನನ್ನ ಮಾತು ಕೇಳುತ್ತಿದ್ದ. ಅತ್ತಿಗೆಯನ್ನ ನೋಡಲು ಹೋದಾಗಲೂ ನನ್ನ ಮುಖ ನೋಡಿ, ನಾನು ತಲೆ ಆಡಿಸಿದ ಮೇಲೇ ಹೂಂ ಅಂದವನು.

"ಅಣ್ಣ, ತಗೊಳೋ ಹಂಗಿದ್ರೆ ಈಗ್ಲೇ ತಗೋ. ಈ ಮಾಡೆಲ್ ನಿಲ್ಲಿಸ್ತಾವ್ರೆ" ಅಂದೆ.

"ಶ್ರಾವಣಕ್ಕೆ ನೋಡಾನ ಅಂತಿದ್ದೆ ಕಣಮ್ಮ. ಇನ್ಮೂರು ದಿನಕ್ಕೆ ಆಷಾಢ, ಆಷಾಢದಾಗೆ ಗಾಡಿ ಮನೆಗೆ ತಂದ್ರೆ ಅವ್ವ ಒಳಗೆ ಬಿಟ್ಕೊಳಲ್ಲ."

"ಅದಕ್ಕೇ ಹೇಳ್ತಿರೋದು, ಆಷಾಢಕ್ಕೆ ಮುಂಚೆ ತಗೊಂಡ್ಬುಡು. ಶ್ರಾವಣಕ್ಕೆ ಸಿಗದೇ ಹೋದ್ರೆ?"

ಅವನ ಹಿಂದೆ ಮಂಡಿಯಲ್ಲಿ ತೂಕದವರ ಗಲಾಟೆ ಕೇಳುತ್ತಿತ್ತು. "ರೇಟ್ ಏನಾದ್ರೂ ಇಳೀತದೇನಮ್ಮ? ಎಲ್ಲಾ ವ್ಯಾಪಾರನೂ ಬಿದ್ದೋಗೈತೆ. ನಮ್ ಕಡ್ಲೆಕಾಯಿನೇ ಕೇಳೋರಿಲ್ಲ."

"ಇಳಿಯಲ್ಲ ಅಣ್ಣ" ಅಂದೆ.

"ನೀನ್ ಹೇಳಿದ್ಮ್ಯಾಲೆ ಮುಗೀತು. ನಾಳೆ ಬತ್ತೀನಿ."

ಅಷ್ಟೇ. ನನ್ನ ನಾಲಿಗೆ ತಡವರಿಸಲೂ ಇಲ್ಲ. ಲಕ್ಷವೋ ಎರಡು ಲಕ್ಷವೋ ಇಳಿದೀತು, ಹೆಂಗೋ ಮುಂದೆ ತೀರಿಸಿಕೊಳ್ಳೋಣ ಅಂತ ನನಗೆ ನಾನೇ ಸಮಾಧಾನ ಹೇಳಿಕೊಂಡೆ. ಮಾರನೇ ದಿನವೇ ಗೋಡೌನಿನಿಂದ ಹಳದಿ ಕಾರು ತರಿಸಿ, ತೊಳೆಸಿ, ಹೂವು ಹಾಕಿಸಿ ಅಣ್ಣನಿಗೆ ಕೊಟ್ಟೆವು. ಹತ್ತು ತಿಂಗಳು ಕಾಯಿಸುತ್ತಿದ್ದ ಕಾರು ಒಂದೇ ದಿನಕ್ಕೆ ಹೆಂಗೆ ಬಂತು ಅಂತ ಅವನು ಕೇಳಲಿಲ್ಲ. ತಂಗಿಯ ಪ್ರಭಾವ ಅಂದುಕೊಂಡ. ಮ್ಯಾನೇಜರ ಕೈ ಕುಲುಕಿ, "ನಮ್ ತಂಗಿ ಇರೋದ್ಕೆ ಆಯ್ತು ಸಾರ್" ಅಂದ. ಮ್ಯಾನೇಜರು ನನ್ನ ಕಡೆ ನೋಡಲಿಲ್ಲ.

ಆಷಾಢದ ಮೊದಲನೇ ದಿನ ಬೋರ್ಡು ಬಂತು. ಹನ್ನೊಂದು ಲಕ್ಷ. ಬೆಲೆಯಲ್ಲ, ಇಳಿಕೆ! ನಾನು ಸೊನ್ನೆಗಳನ್ನ ಎರಡು ಸಲ ಎಣಿಸಿದೆ, ಪಕ್ಕದವಳನ್ನ ಕರೆದು ಎಣಿಸಿ ನೋಡೇ ಅಂದೆ. ಹನ್ನೊಂದು ಲಕ್ಷಕ್ಕೆ ಆಗ ಗೋರಂಟ್ಲದ ಕಡೆ ಒಳ್ಳೆ ಸೈಟೇ ಬರುತ್ತಿತ್ತು. ಅಣ್ಣನ ಬಿಲ್ಲಿನ ಮಸಿ ಇನ್ನೂ ಆರಿರಲಿಲ್ಲ. ಆ ವಾರವೇ ನಮ್ಮಲ್ಲಿ ನಾಲ್ಕು ಜನರನ್ನ ಮನೆಗೆ ಕಳಿಸಿದರು. ನಾನು ಉಳಿದೆ.

ಹೇಳಿಬಿಡಬೇಕು ಅಂತ ದಿನಾ ಅಂದುಕೊಳ್ಳುತ್ತಿದ್ದೆ. ಅವನು ಫೋನ್ ಮಾಡಿದಾಗಲೆಲ್ಲ ಬರೀ ಖುಷಿ. ಕಲ್ಯಾಣದುರ್ಗದ ರಸ್ತೆಯ ಹಂಪುಗಳ ಮೇಲೆ ಕಾರಿನ ಹೊಟ್ಟೆ ತಾಗುತ್ತಂತೆ, ಅದಕ್ಕೆ ಊರಿನ ಹಂಪೆಲ್ಲ ಬಾಯಿಪಾಠ ಮಾಡಿಕೊಂಡಿದ್ದಾನಂತೆ. ಮನೆ ಮುಂದಿನ ಇಳಿಜಾರಿಗೆ ಹಲಗೆ ಹಾಕಿಸಿದ್ದಾನಂತೆ. ಅವ್ವ ಕೂಡ ಪಕ್ಕದಲ್ಲಿ ಕೂತು, ಮೂತಿ ಉಬ್ಬಿಸಿಕೊಂಡೇ, ದೇವಸ್ಥಾನಕ್ಕೆ ಹೋಗಿಬಂದಳಂತೆ. ಇಷ್ಟೆಲ್ಲ ಕೇಳಿದ ಮೇಲೆ ನಾನು ಏನಂತ ಬಾಯಿ ತೆಗೆಯಲಿ? "ಹುಷಾರಾಗಿ ಓಡ್ಸಣ್ಣ" ಅಂತ ಇಟ್ಟುಬಿಡುತ್ತಿದ್ದೆ.

ಶ್ರಾವಣದ ಒಂದು ಶುಕ್ರವಾರ ಹಳದಿ ಕಾರು ಸೀದಾ ಷೋರೂಮಿನ ಬಾಗಿಲಿಗೇ ಬಂದು ನಿಂತಿತು. ಅಣ್ಣ ಇಳಿದ. ಪಕ್ಕದಿಂದ ಅವನ ಸ್ನೇಹಿತ ಇಳಿದ, ಬ್ರಹ್ಮಸಮುದ್ರದ ಕಡೆಯವನು, ಎರಡು ಬೋರ್‌ವೆಲ್ ಲಾರಿಗಳ ಮಾಲೀಕ. ಯಾರ ವ್ಯಾಪಾರ ಬಿದ್ದರೂ ನೀರು ಇಳಿದಷ್ಟೂ ಇವನ ವ್ಯಾಪಾರ ಏರುತ್ತಿತ್ತು. ಅಣ್ಣನ ಕಾರು ನೋಡಿ ಅವನಿಗೂ ಆಸೆಯಾಗಿದೆ. "ಬ್ಯಾರೆ ಎಲ್ಲೂ ಹೋಗ್ಬ್ಯಾಡ, ನಮ್ ತಂಗಿ ಅವ್ಳೆ, ಮೋಸ ಆಗಕ್ಕಿಲ್ಲ ಅಂತ ನಾನೇ ಕರ್ಕೊಂಡ್ಬಂದೆ ಕಣಮ್ಮ" ಅಂದ ಅಣ್ಣ. ನಾನು ಕುರ್ಚಿ ಎಳೆದು ಕೊಟ್ಟು ಕಾಫಿಗೆ ಹೇಳಿದೆ.

ಮೂವರೂ ಕೂತೆವು. ಕಾಫಿ ಬಂತು. ಸ್ನೇಹಿತ ನಗುನಗುತ್ತಾ, "ಚೆಲ್ಲೆಮ್ಮಾ, ಮೀ ಅನ್ನಕು ಎಂತ ತಗ್ಗಿಂಚಾವೋ ನಾಕೂ ಅಂತೇ ತಗ್ಗಿಂಚಮ್ಮಾ" ಅಂದ. ತಂಗೀ, ನಿಮ್ಮಣ್ಣನಿಗೆ ಎಷ್ಟು ಇಳಿಸಿದೆಯೋ ನನಗೂ ಅಷ್ಟೇ ಇಳಿಸು ಅಂತ. ನಾನು ಬಾಯಿ ತೆರೆಯೋ ಮೊದಲೇ, ಗಿರಾಕಿ ಬಂದ ಖುಷಿಯಲ್ಲಿ ಮ್ಯಾನೇಜರು ಕಾಗದ ಹಿಡಿದುಕೊಂಡು ಬಂದರು. "ಇಳಿಸೋದೇನು ಸಾರ್, ಆಷಾಢದಿಂದ ಹನ್ನೊಂದು ಲಕ್ಷ ಕಮ್ಮಿ ಮಾಡಿಬಿಟ್ಟಿದ್ದೀವಿ!"

ಅಣ್ಣನ ಕೈಯಲ್ಲಿ ಕಾಫಿ ಲೋಟ ಹಾಗೇ ನಿಂತಿತು. ನನ್ನ ಕಡೆ ನೋಡಲಿಲ್ಲ. ಕಾಗದ ತಗೊಂಡು ಮಂಡಿಯಲ್ಲಿ ಚೀಟಿ ಓದೋ ಹಾಗೆ ಮೇಲಿಂದ ಕೆಳಗೆ ಓದಿದ. ಆಮೇಲೆ ಸ್ನೇಹಿತನಿಗೆ, "ತೀಸುಕೋ, ಮಂಚಿ ರೇಟು" ಅಂದ, ತಗೋ, ಒಳ್ಳೆ ರೇಟು ಅಂತ. ದನಿ ಸ್ವಲ್ಪವೂ ಏರಲಿಲ್ಲ. ಆ ಮನುಷ್ಯ ಮುಂಗಡ ಕಟ್ಟುವಾಗ ಪಕ್ಕದಲ್ಲೇ ನಿಂತು ಸಹಿ ಎಲ್ಲಿ ಹಾಕಬೇಕು ಅಂತ ತೋರಿಸಿಯೂ ಕೊಟ್ಟ. ನನಗೆ ಅವನು ಕೂಗಾಡಿದ್ದರೆ, ಎಲ್ಲರೆದುರು ಕಪಾಳಕ್ಕೆ ಹೊಡೆದಿದ್ದರೆ ಸಾಕಿತ್ತು ಅನ್ನಿಸುತ್ತಿತ್ತು.

ಹೊರಡುವಾಗ ಕಾರಿನ ಹತ್ತಿರ ಕೇಳಿದ. "ಅವತ್ತು ನಿಂಗೆ ಗೊತ್ತಿತ್ತೇನಮ್ಮ?"

"ಇಳೀತದೆ ಅಂತ ಗೊತ್ತಿತ್ತು. ಇಷ್ಟು ಅಂತ ಗೊತ್ತಿರ್ಲಿಲ್ಲ ಅಣ್ಣ. ಒಂದು ಕಾರು ಮಾರ್ದಿದ್ರೆ ನನ್ ಕೆಲಸ ಹೋಗ್ತಿತ್ತು."

ಅವನು ಕಾರಿನ ಬಾಗಿಲು ತೆಗೆದ. "ಆ ಮಾತು ಅಂದಿದ್ರೆ, ಗೊತ್ತಿದ್ದೇ ತಗೊಂತಿದ್ನಲ್ಲಮ್ಮ" ಅಂದ. ಕಾರು ಹತ್ತಿದ. ನಾನು ಹೆಣ್ಣುಮಕ್ಕಳ ಬಾತ್‌ರೂಮಿಗೆ ಹೋಗಿ ಬಾಯಿಗೆ ಸೆರಗು ತುರುಕಿಕೊಂಡು ಅತ್ತೆ. ಅವನು ಹೇಳಿದ್ದು ಅಕ್ಷರಶಃ ನಿಜ, ಅವನು ತಗೊಂತಿದ್ದ. ಆ ದಾರಿ ಒಂದಿತ್ತು ಅನ್ನೋದೇ ನನ್ನ ತಲೆಗೆ ಬಂದಿರಲಿಲ್ಲ.

ಗೌರಿ ಹಬ್ಬಕ್ಕೆ ಅವನು ಬರಲ್ಲ, ಬಾಗಿನ ಯಾರ ಕೈಲಾದರೂ ಕಳಿಸುತ್ತಾನೆ ಅಂದುಕೊಂಡಿದ್ದೆ. ಬಂದ. ಪ್ರತಿ ವರ್ಷದ ಹಾಗೆ ಮೊರದ ತುಂಬ ಎಲ್ಲವೂ ಇತ್ತು. ಅರಿಶಿಣ, ಕುಂಕುಮ, ಬಳೆ, ರವಿಕೆ ಕಣ, ಅವ್ವ ಮಾಡಿ ಕಳಿಸಿದ ಕಡಲೆಕಾಯಿ ಉಂಡೆ. ಸೀರೆ ಹೋದ ಸಲಕ್ಕಿಂತ ಚೆನ್ನಾಗಿತ್ತು. ನಾನು ಕಾಲಿಗೆ ಬಿದ್ದೆ, ತಲೆ ಮೇಲೆ ಕೈ ಇಟ್ಟ. ನಮ್ಮ ಮನೆಯವರ ಜೊತೆ ನಗುತ್ತಾ ಊಟ ಮಾಡಿದ, ಎರಡು ಹೋಳಿಗೆ ಜಾಸ್ತಿಯೇ ಹಾಕಿಸಿಕೊಂಡ. ಅಬ್ಬಾ, ಮುಗೀತು, ಮರೆತುಬಿಟ್ಟಿದ್ದಾನೆ ಅಂತ ನನಗೆ ಜೀವ ಬಂದಂತಾಯಿತು.

ಹೊರಟಾಗ ಗೇಟಿನವರೆಗೂ ಹೋದೆ. "ಅಣ್ಣ, ಮಡಕಶಿರದ ಮೇಲೆ ಹೋಗ್ಬ್ಯಾಡ. ರಸ್ತೆ ಎಲ್ಲಾ ಕಿತ್ತಾಕವ್ರೆ, ಕಾರಿನ ಹೊಟ್ಟೆ ತಾಗ್ತದೆ. ಪೆನುಕೊಂಡದ ಮೇಲೆ ಹೋಗು."

"ಆಯ್ತು ಕಣಮ್ಮ, ಹೋಯ್ತೀನಿ" ಅಂದ.

ಕಾರು ಬೀದಿ ಕೊನೆಯವರೆಗೂ ಹೋಗಿ ನಿಂತಿತು. ಗಾಜು ಇಳಿಯಿತು. ಅಣ್ಣ ಅಲ್ಲಿ ನಿಂತಿದ್ದ ಆಟೋದವನನ್ನ ಏನೋ ಕೇಳಿದ. ಆಟೋದವನು ಮಡಕಶಿರದ ಕಡೆ ಕೈ ತೋರಿಸಿ, ಬೇಡ ಅಂತ ಅಡ್ಡಡ್ಡ ಆಡಿಸಿ, ಪೆನುಕೊಂಡದ ಕಡೆ ತೋರಿಸಿದ. ಅಣ್ಣ ತಲೆ ಆಡಿಸಿ, ಗಾಜು ಏರಿಸಿ ಅತ್ತ ತಿರುಗಿದ.