ಅಪ್ಪನ ಮುಖಕ್ಕೆ ಹಚ್ಚಿದ ಬಣ್ಣ

ಎಣ್ಣೆಬಣ್ಣದ ವಾಸನೆ ಬಂದರೆ ಇಂದಿಗೂ ನನಗೆ ಮೈ ಉರಿಯುತ್ತದೆ. ಕಲಾಶಾಲೆಯಲ್ಲಿ ಶಿಲ್ಪ ಕಲಿತವಳ ಬಾಯಲ್ಲಿ ಇದು ವಿಚಿತ್ರವೆನಿಸಬಹುದು.

ತೊಂಬತ್ತರ ದಶಕದ ಕೊನೆಯಲ್ಲಿ ಓದು ಮುಗಿಸಿ ಮೂಡಲಗಿಯ ಮನೆಗೆ ಬಂದವಳೇ ಅಪ್ಪನ ಮುಖಕ್ಕೆ ಪ್ಲಾಸ್ಟರ್ ಮೆತ್ತಿ ಅಚ್ಚು ತೆಗೆದೆ. ಅದರಲ್ಲಿ ಒಂದೇ ಒಂದು ಬಿಳಿ ತಲೆ ಎರಕವಾಯಿತು, ಬಿಡಿಸುವಾಗ ಅಚ್ಚು ಒಡೆಯಿತು. ಅಪ್ಪ ಬೆಲ್ಲದ ವ್ಯಾಪಾರಿ, ಮಾತಿನ ಮಲ್ಲ. ಅವನು ಮಾತಾಡುವುದನ್ನು ವಿಡಿಯೋ ಮಾಡಿಕೊಂಡು, ಕತ್ತಲು ಕೋಣೆಯಲ್ಲಿ ಪ್ರೊಜೆಕ್ಟರಿನಿಂದ ಆ ತಲೆಯ ಮೇಲೆ ಬಿಟ್ಟರೆ ಪ್ಲಾಸ್ಟರಿನ ತುಟಿ ಅಲುಗುತ್ತಿತ್ತು, ಮುಚ್ಚಿದ ಕಣ್ಣು ತೆರೆಯುತ್ತಿತ್ತು. ಶಿಲ್ಪಿಗಳು ಇದನ್ನು ಸಿನಿಮಾ ಎಂದರು, ಕ್ಯಾಮೆರಾದವರು ಗೊಂಬೆಯಾಟ ಎಂದರು. ಇಬ್ಬರೂ ಹಾಳಾಗಿ ಹೋಗಲಿ ಎಂದುಕೊಂಡೆ.

ಮರುವರ್ಷ ಅಪ್ಪ ತೀರಿಕೊಂಡ. ಆಮೇಲೆ ದಿನಾ ಸಂಜೆ ಪಡಸಾಲೆಯ ಬಾಗಿಲು ಹಾಕಿ ಅಪ್ಪನನ್ನು ಮಾತಾಡಿಸುತ್ತಿದ್ದೆ. ಅವ್ವ ಕೆನ್ನೆಗೆ ಕೈಯಿಟ್ಟು ಎದುರಿಗೆ ಕೂರುತ್ತಿದ್ದಳು. ಅವಳಿಗೆ ಸಮಾಧಾನವಾಗುತ್ತಿದೆ ಎಂದು ನಾನು ಒಳಗೊಳಗೇ ಬೀಗುತ್ತಿದ್ದೆ. ಕೊಲ್ಹಾಪುರದಿಂದ ಪ್ರದರ್ಶನಕ್ಕೆ ಕರೆ ಬಂತು. ನನ್ನ ಮೊದಲ ಪ್ರದರ್ಶನ. ಅದಕ್ಕೆ ಇದ್ದದ್ದು ಅದೊಂದೇ ತಲೆ.

ಅಲ್ಲಿಯ ಜಾಗ ನೋಡಿಕೊಂಡು ಬರುವಷ್ಟರಲ್ಲಿ ತಲೆಗೆ ಬಣ್ಣ ಬಿದ್ದಿತ್ತು. ಹುಕ್ಕೇರಿಯಲ್ಲಿದ್ದ ಅಪ್ಪನ ತಮ್ಮ, ನಮ್ಮ ಕಾಕಾ, ಅದನ್ನು ಗೋಕಾಕಕ್ಕೆ ಒಯ್ದು, ಕಟ್ಟಿಗೆಯ ಗೊಂಬೆಗಳಿಗೆ ಬಣ್ಣ ಹಾಕುವವರ ಕೈಗೆ ಕೊಟ್ಟಿದ್ದ. ಗೋಧಿ ಮೈಬಣ್ಣ, ಕರಿ ಮೀಸೆ, ಹಣೆ ತುಂಬ ವಿಭೂತಿ, ಮುಚ್ಚಿದ ರೆಪ್ಪೆಯ ಮೇಲೆ ದುಂಡನೆಯ ಎರಡು ಕಣ್ಣು. ಕೊರಳಿಗೆ ಹಾರ ಬೇರೆ. ಬಂದವರೆಲ್ಲ ಕೈಮುಗಿದು, ಈಗ ಖರೆ ಸಾಹುಕಾರರಂತೆ ಕಾಣುತ್ತಾರೆ ಎಂದು ಹೊಗಳಿ ಹೋಗುತ್ತಿದ್ದರು. ನಾನು ಪ್ರೊಜೆಕ್ಟರ್ ಹಚ್ಚಿದೆ. ನಾಲ್ಕು ಕಣ್ಣು, ಎರಡು ಮೀಸೆ, ನಡುವೆ ಎಲ್ಲೋ ಕಲಸಿಹೋದ ಬಾಯಿ. ಮೇಲೆ ಮತ್ತೆ ಬಿಳಿ ಬಳಿದರೆ ಅಪ್ಪನ ಸುಕ್ಕುಗಳು ಮುಚ್ಚಿಹೋಗುತ್ತಿದ್ದವು, ಕೆರೆದರೆ ಬಣ್ಣದ ಜೊತೆ ಅವೂ ಹೋಗುತ್ತಿದ್ದವು.

ಪ್ರದರ್ಶನ ತಪ್ಪಿತು. ಕಾಕಾನಿಗೆ ಬಾಯಿಗೆ ಬಂದದ್ದು ಅಂದೆ. ಅವನು ತಲೆ ತಗ್ಗಿಸಿ ಅನ್ನಿಸಿಕೊಂಡ, ನಮ್ಮ ಮನೆಗೆ ಬರುವುದನ್ನೇ ಬಿಟ್ಟ. ನಾನೂ ಕರೆಯಲಿಲ್ಲ. ಒಂದು ದಿನ ಅವನನ್ನು ಮತ್ತೆ ಶಪಿಸುತ್ತಿದ್ದಾಗ, ರೊಟ್ಟಿ ಬಡಿಯುತ್ತಿದ್ದ ಅವ್ವ ಕೈ ನಿಲ್ಲಿಸಿದಳು.

"ಕಾಕಾಗ ಬೈಬ್ಯಾಡ. ಬಣ್ಣ ಹಚ್ಚಸಾಕ ಹೇಳಿದಾಕಿ ನಾನ."

ನನ್ನ ಕೆಲಸ ಹಾಳಾಗುತ್ತದೆಂದು ಗೊತ್ತಿರಲಿಲ್ಲವೇ ಎಂದು ಕೇಳಿದೆ. ಕೂಗಿಯೇ ಕೇಳಿದೆ.

"ಗೊತ್ತಿತ್ತು. ಬಿಳೇದ ಇದ್ದರಷ್ಟ ಮಾತಾಡತೈತಿ ಅಂತ ನೀನ ಅಂದಿದ್ದೆಲ್ಲ," ಎಂದಳು. "ಲಗ್ನಾದಾಗಿಂದ ಅವರ ಮಾತ ಕೇಳಕೋತ ಬಂದೇನಿ. ನಂದೊಂದು ಮಾತ ಅವರು ಕೇಳಲಿಲ್ಲ. ಸತ್ತ ಮ್ಯಾಲೂ ನಾನ ಕೇಳಬೇಕೇನ ಯವ್ವಾ?"